ಮಾವನ ಕೀಬೋರ್ಡ್ ಕಿತಾಪತಿ

ಆ ಮನೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಊಟದ ಮೇಜಿನ ಸುತ್ತ ಕುರ್ಚಿಗಳು, ಒಳಗಿನ ರೂಮಿನಲ್ಲಿ ಮೆತ್ತನೆಯ ಆರಾಮ ಕುರ್ಚಿ, ಬಾಗಿಲ ಬಳಿ ಮಗ ಬೂಟು ಹಾಕಿಕೊಳ್ಳಲು ಇಟ್ಟುಕೊಂಡಿದ್ದ ಸ್ಟೂಲು. ಆದರೆ ಮಾವನಿಗೆ ಬೇಕಾದದ್ದು ಒಂದೇ ಒಂದು, ಮುಂದಿನ ರೂಮಿನಲ್ಲಿ ಸೊಸೆಯ ಬೆನ್ನ ಹಿಂದೆ ಕಿಟಕಿಗೆ ತಾಗಿಸಿ ಹಾಕಿದ್ದ ಬೆತ್ತದ ಕುರ್ಚಿ. ಅಲ್ಲಿ ಕೂತರೆ ಒಂದು ಕಣ್ಣಿಗೆ ಬೀದಿ ಸಿಗುತ್ತಿತ್ತು, ಇನ್ನೊಂದು ಕಣ್ಣಿಗೆ ಸೊಸೆಯ ಕಂಪ್ಯೂಟರ್. ಬೆಳಗಿನ ಕಾಫಿಯಿಂದ ಹಿಡಿದು ದೀಪ ಹಚ್ಚುವ ಹೊತ್ತಿನವರೆಗೆ ಅವರ ಸಂಸಾರವೆಲ್ಲ ಆ ಕುರ್ಚಿಯಲ್ಲೇ.

ಸೊಸೆ ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು. ಯಾರದೋ ಮದುವೆ, ಯಾರೋ ಹಿಡಿದ ಕ್ಯಾಮೆರಾ, ಅಷ್ಟೂ ಗದ್ದಲ ಬಂದು ಇವಳ ಮೇಜಿನ ಮೇಲೆ ಬೀಳುತ್ತಿತ್ತು. ಅದನ್ನು ಕತ್ತರಿಸಿ, ಜೋಡಿಸಿ, ಸಂಗೀತ ಸೇರಿಸಿ, ನೋಡುವವರಿಗೆ ಆಕಳಿಕೆ ಬರುವ ಮುಂಚೆ ಮುಗಿಯುವಂತೆ ಮಾಡುವುದು ಇವಳ ಕೆಲಸ. ಮಾವ ಹಿಂದಿನಿಂದ ಸಲಹೆ ಕೊಡುತ್ತಿದ್ದರು. ಕೇಳಿದವರು ಯಾರೂ ಇಲ್ಲ, ಆದರೂ ಕೊಡುತ್ತಿದ್ದರು.

"ಆ ಹುಡುಗನ ಚಿಕ್ಕಪ್ಪ ಮತ್ತೆ ತಿನ್ನೋಕೆ ಕೂತಿದಾನೆ ನೋಡಮ್ಮ. ಅದನ್ನ ಮಾತ್ರ ತೆಗೀಬೇಡ. ಮುಂದೆ ಸಾಕ್ಷಿಗೆ ಬೇಕಾಗತ್ತೆ."

"ಮಾವ, ಸ್ವಲ್ಪ ಸುಮ್ನಿರ್ತೀರಾ?"

"ನಾನೇನಂದೆ ಈಗ? ಕಂಡಿದ್ದು ಹೇಳ್ದೆ."

ಮನುಷ್ಯನಿಗೆ ಇಷ್ಟು ಮಾತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅದಕ್ಕೂ ಕಾರಣವಿದೆ. ಮಾವ ರೈಲ್ವೆಯಲ್ಲಿ ಸಿಗ್ನಲ್ ಕ್ಯಾಬಿನ್ನಿನವರು. ಹಳಿಗಳ ಪಕ್ಕ, ಮೆಟ್ಟಿಲು ಹತ್ತಿ ಹೋಗುವ ಗಾಜಿನ ಗೂಡಿನಲ್ಲಿ, ಸಾಲಾಗಿ ನಿಂತ ಲಿವರ್‌ಗಳ ನಡುವೆ ಒಬ್ಬರೇ ಇಡೀ ಆಯುಷ್ಯ ಕಳೆದವರು. ಸಾವಿರಾರು ಜನ ಕಣ್ಣೆದುರೇ ಹಾದುಹೋಗುತ್ತಿದ್ದರು, ಮಾತಾಡಿಸಲು ಒಬ್ಬರೂ ಸಿಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ, ಹೆಂಡತಿಯೂ ತೀರಿಕೊಂಡ ಮೇಲೆ, ಮಗನ ಮನೆಗೆ ಬಂದರು. ಬಂದವರಿಗೆ ಈ ಬೆತ್ತದ ಕುರ್ಚಿ ಸಿಕ್ಕಿತು, ಎದುರಿಗೊಂದು ಬೆನ್ನು ಸಿಕ್ಕಿತು. ತಿರುಗಿ ನೋಡದಿದ್ದರೂ "ಹೂಂ" ಎನ್ನುವ ಬೆನ್ನು. ಅಷ್ಟೇ ಸಾಕಾಗಿತ್ತು ಅವರಿಗೆ.

ಸೊಸೆಯ ಕೀಬೋರ್ಡಂತೂ ಹೊರಗಿನವರು ಮುಟ್ಟಿದರೆ ತಲೆ ಕೆಟ್ಟುಹೋಗುವಂಥದ್ದು. ಎಲ್ಲ ಕೆಲಸವನ್ನೂ ಎಡಗೈ ಬೆರಳುಗಳ ಕೆಳಗೇ ತಂದಿಟ್ಟುಕೊಂಡಿದ್ದಳು. ಒಂದು ಕೀ ಒತ್ತಿದರೆ ಕತ್ತರಿಸು, ಅದರ ಪಕ್ಕದ್ದು ಒತ್ತಿದರೆ ಜೋಡಿಸು, ಅದರ ಮೇಲಿನದ್ದು ಸದ್ದಡಗಿಸು. ಬಲಗೈ ಮೌಸ್ ಬಿಟ್ಟು ಏಳುವ ಪ್ರಮೇಯವೇ ಇಲ್ಲ.

"ಯಾವ ಕೀ ಒತ್ತಿದ್ರೆ ಏನಾಗ್ಬೇಕು ಅಂತ ಈ ಪ್ರೋಗ್ರಾಮಿಗೆ ನಾವೇ ಹೇಳ್ಬಹುದು ಮಾವ," ಎಂದು ಒಂದು ದಿನ ಪಟ್ಟಿ ತೆರೆದು ತೋರಿಸಿದ್ದಳು. "ನೋಡಿ, ಇಲ್ಲಿ ಕೆಲಸ ಆರಿಸೋದು, ಇಲ್ಲಿ ಬೇಕಾದ ಕೀ ಒತ್ತೋದು, ಮುಗೀತು. ಕೈ ನಂದು, ಕೀನೂ ನನ್ನ ಮಾತೇ ಕೇಳ್ಬೇಕು."

ಮಾವ ಕುರ್ಚಿಯ ತುದಿಗೆ ಬಂದುಬಿಟ್ಟರು. ಅವರ ಕ್ಯಾಬಿನ್ನಿನಲ್ಲಿ ಒಂದು ಲಿವರ್ ಒಂದೇ ಸಿಗ್ನಲ್ಲಿಗೆ, ಅದನ್ನು ಬದಲಾಯಿಸಲು ಬ್ರಹ್ಮ ಬಂದರೂ ಆಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಯಾವ ಲಿವರಿಗೆ ಯಾವ ಸಿಗ್ನಲ್ ಬೇಕಾದರೂ ಕಟ್ಟಬಹುದು! ಹಸಿರು ಎಳೆದರೆ ಕೆಂಪು ಬೀಳಿಸಬಹುದು!

"ಅನಾಹುತಕ್ಕೆ ದಾರಿ ಕಣಮ್ಮ ಇದು," ಎಂದರು ಗಂಭೀರವಾಗಿ. ಆ ದಿನದಿಂದ ಪರದೆಯಿಂದ ಕಣ್ಣು ಕೀಳಲಿಲ್ಲ.

ಹೀಗಿರುವಾಗ ಒಂದು ರಾತ್ರಿ ಊಟದ ಮಧ್ಯೆ ಮಗ ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡರೆ ಏನೋ ಕಾದಿದೆ ಎಂದೇ ಅರ್ಥ.

"ಅಪ್ಪ, ಇವಳಿಗೆ ಕೆಲಸ ಜಾಸ್ತಿ ಆಗಿದೆ. ಸಹಾಯಕ್ಕೆ ಒಬ್ಬರನ್ನ ಇಟ್ಕೊಳ್ತಿದಾಳೆ. ಇನ್ನೊಂದು ಕಂಪ್ಯೂಟರೂ ಬರತ್ತೆ."

"ಬರಲಿ, ಒಳ್ಳೇದೇ ಆಯ್ತಲ್ಲ."

"ಅದಕ್ಕೆ ಜಾಗ ಬೇಕು. ಕಿಟಕಿ ಹತ್ರ."

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸೊಸೆ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ಒಳಗಿನ ರೂಮು ತಂಪಾಗಿದೆ ಮಾವ. ಟಿವೀನೂ ಅಲ್ಲೇ ಹಾಕ್ಸಿ ಕೊಡ್ತೀವಿ. ನಿಮ್ಮ ಕುರ್ಚಿ ಅಲ್ಲಿಟ್ರೆ ಆರಾಮಾಗಿ ಕೂತಿರ್ಬಹುದು."

ಆರಾಮ! ಒಳಗಿನ ರೂಮಿನ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ಆ ಗೋಡೆಯ ಜೊತೆ ಏನು ಮಾತಾಡುವುದು? ಕ್ಯಾಬಿನ್ನಿನಲ್ಲಾದರೂ ಆಗಾಗ ಗಂಟೆ ಹೊಡೆಯುತ್ತಿತ್ತು. ಮಾವನಿಗೆ ಅಳು ಬರುವಷ್ಟು ಸಂಕಟವಾಯಿತು. ಆದರೆ ಬೇಡ ಎಂದರೆ ಮುದುಕ ಹಟಮಾರಿ ಎನ್ನುತ್ತಾರೆ, ಕಾರಣ ಹೇಳಿದರೆ ಪಾಪ ಎನ್ನುತ್ತಾರೆ. ಎರಡೂ ಅವರಿಗೆ ಆಗಿಬರುವಂಥದ್ದಲ್ಲ.

"ಆಗಲಿ," ಎಂದು ತುತ್ತು ನುಂಗಿದರು. ನುಂಗುವಾಗಲೇ ತಲೆಯಲ್ಲಿ ಏನೋ ಓಡತೊಡಗಿತ್ತು. ಸಹಾಯಕ್ಕೆ ಯಾರೂ ಸಿಗದಿದ್ದರೆ ಕುರ್ಚಿ ಏಕೆ ಕದಲಬೇಕು?

ಹೊಸ ಕಂಪ್ಯೂಟರ್ ಬಂತು, ಕಿಟಕಿಯ ಬಳಿ ಮೇಜು ಬಂತು. ಬೆತ್ತದ ಕುರ್ಚಿ ಸದ್ಯಕ್ಕೆ, ಓಡಾಡುವವರಿಗೆ ಅಡ್ಡವಾಗಿ, ಬಾಗಿಲ ಮೂಲೆಗೆ ಸರಿಯಿತು. ಕೆಲಸಕ್ಕೆ ಒಬ್ಬರು ಖಾಯಂ ಆದ ಮೇಲೆ ಅದು ಒಳಗೆ ಹೋಗುವುದೆಂದು ತೀರ್ಮಾನ. ಸೊಸೆ ಗಿರಾಕಿಗೆ ಪೆನ್ ಡ್ರೈವ್ ಕೊಟ್ಟುಬರಲು ಹೊರಟಿದ್ದೇ ತಡ, ಮಾವ ಹೊಸ ಕಂಪ್ಯೂಟರಿನ ಮುಂದೆ ಪ್ರತಿಷ್ಠಾಪನೆಯಾದರು. ಲಿವರ್ ಎಳೆದು ಗಟ್ಟಿಯಾದ ಬೆರಳುಗಳು, ಒಂದು ಕೀ ಒತ್ತಲು ಹೋದರೆ ಎರಡು ಒತ್ತಿಹೋಗುತ್ತಿದ್ದವು. ಆದರೂ ಸೊಸೆ ತೋರಿಸಿದ್ದು ಒಂದೂ ಮರೆತಿರಲಿಲ್ಲ. ಪಟ್ಟಿ ತೆರೆದರು, ಕನ್ನಡಕ ಮೇಲೇರಿಸಿದರು, ಒಂದೊಂದೇ ಕೆಲಸ ಓದುತ್ತಾ ಹೋದರು.

ವಿಡಿಯೋ ಓಡಿಸಲು ಎಲ್ಲರೂ ಒತ್ತುವುದು ಸ್ಪೇಸ್ ಬಾರ್. ಅದಕ್ಕೆ ಕತ್ತರಿಸುವ ಕೆಲಸ ಕಟ್ಟಿದರು. ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೀಗೆ ಸದ್ದು ಜೋರು ಮಾಡುವ ಕೆಲಸ. ಅಳಿಸುವ ಕೀಗೆ ಇದ್ದದ್ದನ್ನೇ ಇನ್ನೊಂದು ಪ್ರತಿ ಮಾಡುವ ಕೆಲಸ. ಕೊನೆಗೆ ಕಂಟ್ರೋಲ್ ಮತ್ತು ಎಸ್ ಬಂತು. ಒಟ್ಟಿಗೆ ಒತ್ತಿದರೆ ಕೆಲಸ ಉಳಿಸುವ ಕೀಗಳು, ಜಗತ್ತೇ ನಂಬಿಕೊಂಡು ಕೂತ ಕೀಗಳು. ಮಾವ ಸ್ವಲ್ಪ ಹೊತ್ತು ಯೋಚಿಸಿದರು. ಪಟ್ಟಿಯಲ್ಲಿ ಒಂದು ಕೆಲಸವಿತ್ತು: ಹಿಂದೆ ಉಳಿಸಿದಲ್ಲಿಗೆ ವಾಪಸ್ ಹೋಗು. ಅಂದರೆ ಆಮೇಲೆ ಮಾಡಿದ್ದೆಲ್ಲ ಮಾಯ. ಪ್ರೋಗ್ರಾಂ "ಹೋಗಲಾ?" ಎಂದು ಒಂದು ಮಾತೂ ಕೇಳುವುದಿಲ್ಲ.

ಅದನ್ನೇ ಕಟ್ಟಿ, ಮೀಸೆಯಡಿ ನಗುತ್ತಾ ಮೂಲೆಗೆ ಹೋಗಿ ಕೂತರು.

ಮೊದಲು ಬಂದವನು ಗಡ್ಡದವನು. ಕುತ್ತಿಗೆಗೆ ದೊಡ್ಡ ಹೆಡ್‌ಫೋನ್, ಬಾಯಿತುಂಬ ಚ್ಯೂಯಿಂಗ್ ಗಮ್. ಬಂದವನೇ ಸೊಸೆ ಎಡಿಟ್ ಮಾಡಿದ ಒಂದು ಮದುವೆ ನೋಡಿ, "ಪರವಾಗಿಲ್ಲ ಮೇಡಂ, ಆದ್ರೆ ಈ ಸ್ಟೈಲು ಈಗ ಯಾರೂ ಮಾಡಲ್ಲ," ಎಂದ. ಮಾವನ ಮನಸ್ಸಿನಲ್ಲಿದ್ದ ಚೂರುಪಾರು ಅಳುಕೂ ಅಲ್ಲಿಗೆ ಮುಗಿಯಿತು.

ಗಡ್ಡದವನು ಸ್ಪೇಸ್ ಬಾರ್ ಒತ್ತಿದ. ಏನೂ ಓಡಲಿಲ್ಲ. ಮತ್ತೆ ಒತ್ತಿದ, ಇನ್ನೂ ಜೋರಾಗಿ ಒತ್ತಿದ. ಪರದೆಯ ಮೇಲೆ ವಧುವಿನ ತಾಯಿ ಇದ್ದಲ್ಲೇ ತುಂಡು ತುಂಡಾದಳು. ಗಾಬರಿಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಹೋದ, ಹೆಡ್‌ಫೋನಿನಲ್ಲಿ ಬ್ಯಾಂಡಿನವರ ಡ್ರಮ್ ಸಿಡಿಲಿನಂತೆ ಹೊಡೆಯಿತು. ಮೂಲೆಯಲ್ಲಿ ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ಗಡಗಡ ನಡುಗುತ್ತಿತ್ತು.

"ಮೇಡಂ, ನಿಮ್ಮ ಮೆಷೀನ್ ಸರಿ ಇಲ್ಲ!"

ಸೊಸೆ ಎದ್ದು ಬಂದಳು. ಅವಳಿಗೊಂದು ಪದ್ಧತಿ, ಬೇರೆಯವರ ಕೀಬೋರ್ಡ್ ಮುಟ್ಟುವುದೇ ಇಲ್ಲ. ತನ್ನ ಕೀಗಳಿಗೆ ಒಗ್ಗಿದ ಬೆರಳು ಬೇರೆ ಕಡೆ ಎಡವುತ್ತದೆ ಎಂದು ಮೌಸ್ ಹಿಡಿದೇ ನೋಡುವಳು. ಹಿಡಿದಳು, ಪರದೆಯ ಮೇಲಿನ ಗುಂಡಿ ಒತ್ತಿದಳು. ವಿಡಿಯೋ ಲಕ್ಷಣವಾಗಿ ಓಡಿತು.

"ಸರಿ ಇದೆಯಲ್ಲಪ್ಪಾ?"

"ಸ್ಪೇಸ್ ಒತ್ತಿದ್ರೆ ಕಟ್ ಆಗ್ತಿದೆ ಮೇಡಂ!"

"ಮೆಲ್ಲಗೆ ಒತ್ತಬೇಕೇನೋ," ಎಂದರು ಮಾವ ಪೇಪರಿನ ಹಿಂದಿನಿಂದ. "ಈಗಿನವರಿಗೆ ಎಲ್ಲದರಲ್ಲೂ ಅವಸರ."

ಗಡ್ಡದವನು ಮಧ್ಯಾಹ್ನದ ಹೊತ್ತಿಗೆ ಕಾಲಿಗೆ ಬುದ್ಧಿ ಹೇಳಿದ. ಮಾವ ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.

ಎರಡನೆಯದಾಗಿ ಬಂದಾಕೆ ಕನ್ನಡಕದ ಹೆಂಗಸು. ಬಾಗಿಲಲ್ಲೇ ಚಪ್ಪಲಿ ಜೋಡಿಸಿಟ್ಟು, "ನಮಸ್ಕಾರ ಯಜಮಾನ್ರೇ," ಎಂದು ಮೊದಲು ಮಾವನಿಗೇ ಕೈಮುಗಿದಳು. ಹಿಂದೆ ಟಿವಿ ಚಾನೆಲ್ಲಿನಲ್ಲಿ ಎಡಿಟಿಂಗ್ ಮಾಡುತ್ತಿದ್ದಳಂತೆ. ಮಕ್ಕಳಾದ ಮೇಲೆ ಬಿಟ್ಟವಳು, ಈಗ ಅವು ಶಾಲೆಗೆ ಹೋಗತೊಡಗಿವೆ ಎಂದು ಮತ್ತೆ ಹೊರಟಿದ್ದಾಳೆ. "ಕೈ ಇನ್ನೂ ನೆನಪಿಟ್ಟಿರತ್ತೆ ಅನ್ಕೊಂಡಿದೀನಿ," ಎಂದು ನಕ್ಕಳು. ನಗುವಿನಲ್ಲಿ ಅಂಜಿಕೆಯೂ ಇತ್ತು.

"ಇಲ್ಲಿ ಒಂದೇ ಒಂದು ಪದ್ಧತಿ," ಎಂದಳು ಸೊಸೆ. "ನಡುನಡುವೆ ಉಳಿಸೋಕೆ ಹೋಗ್ಬೇಡಿ. ಫೈಲು ದೊಡ್ಡದು, ಉಳಿಸುವಾಗ ಮೆಷೀನು ಅಲ್ಲೇ ನಿಂತ್ಬಿಡತ್ತೆ, ಕೆಲಸದ ಓಟ ಕೆಡತ್ತೆ. ತಾನಾಗೇ ಉಳಿಸ್ಕೊಳ್ಳೋದನ್ನೂ ಅದಕ್ಕೇ ನಿಲ್ಲಿಸಿಟ್ಟಿದೀನಿ. ಊಟಕ್ಕೆ ಏಳುವಾಗ ಒಂದ್ಸಲ ಉಳಿಸಿದ್ರೆ ಸಾಕು."

ಆಕೆ ಸ್ಪೇಸ್ ಬಾರ್ ಒತ್ತಿದಳು, ತುಂಡಾಯಿತು. ಗಡ್ಡದವನ ಹಾಗೆ ಕೂಗಾಡಲಿಲ್ಲ. ತನ್ನದೇ ತಪ್ಪಿರಬೇಕು ಎಂಬಂತೆ ತಲೆದೂಗಿ, ಮೌಸ್ ಹಿಡಿದು ನಿಧಾನವಾಗಿ ಕೆಲಸ ಶುರುಮಾಡಿದಳು. ಹೊತ್ತು ಏರಿದಂತೆ ಕೈ ಹದಕ್ಕೆ ಬಂತು. ವರನ ಅಜ್ಜಿ ಕುಣಿಯಲು ಎದ್ದು, ಮೊಣಕಾಲು ಹಿಡಿದುಕೊಂಡು ಮತ್ತೆ ಕೂತು, ಕೂತಲ್ಲೇ ಭುಜ ಕುಣಿಸುವ ಒಂದು ದೃಶ್ಯವಿತ್ತು. ಯಾರಾದರೂ ಕತ್ತರಿಸಿ ಎಸೆಯುತ್ತಿದ್ದರು. ಈಕೆ ಅದನ್ನೇ ನಡುವೆ ಇಟ್ಟು, ಮಿಕ್ಕ ಕುಣಿತವನ್ನೆಲ್ಲ ಅದರ ಸುತ್ತ ಕಟ್ಟಿದಳು. ಮಾವ ಪೇಪರ್ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡಿದರು. "ಭೇಷ್" ಎಂಬ ಮಾತು ತುಟಿಗೆ ಬಂದು ನಿಂತಿತು.

ಊಟದ ಹೊತ್ತಾಯಿತು. ಆಕೆ ಬೆನ್ನು ನೆಟ್ಟಗೆ ಮಾಡಿ, ಉಳಿಸಲೆಂದು ಎರಡು ಕೀ ಒತ್ತಿದಳು.

ಅಜ್ಜಿ ಹೋದಳು, ಕುಣಿತ ಹೋಯಿತು. ಪರದೆಯ ಮೇಲೆ ಬೆಳಗಿನ ಹಾಗೇ ಕತ್ತರಿ ಕಾಣದ ಮದುವೆ.

ಆಕೆ ಸೊಸೆಯನ್ನು ಕರೆಯಲಿಲ್ಲ, ಮೆಷೀನನ್ನು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ಸೊಸೆ ಬಂದು ನೋಡಿ, "ಅಯ್ಯೋ, ಹೋಗ್ಲಿ ಬಿಡಿ, ನಾಳೆ ಮಾಡ್ಬಹುದು," ಎಂದರೂ ತಲೆಯಾಡಿಸಿದಳು.

"ಬೇಡಮ್ಮ. ಉಳಿಸೋದು ಕೂಡ ಮರ್ತಿದೆ ಈ ಕೈ. ಏನು ಒತ್ತಿದ್ನೋ ನಂಗೇ ಗೊತ್ತಾಗ್ಲಿಲ್ಲ. ನಿಮ್ಮ ಗಿರಾಕಿ ಕೆಲಸ ಹಾಳು ಮಾಡೋದು ಬೇಡ." ಚಪ್ಪಲಿ ಹಾಕಿಕೊಳ್ಳುವಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಆಗಲೂ ಮರೆಯದೆ, "ಬರ್ತೀನಿ ಯಜಮಾನ್ರೇ," ಎಂದಳು.

ಮಾವ ಬಾಯಿ ತೆರೆದರು. ಗೇಟು ಹಾಕಿದ ಸದ್ದಾಯಿತು.

ಅವತ್ತು ಅವರಿಗೆ ಊಟ ಸೇರಲಿಲ್ಲ. ಇಡೀ ನೌಕರಿಯಲ್ಲಿ ಒಂದು ರೈಲನ್ನೂ ತಪ್ಪು ಹಳಿಗೆ ಬಿಟ್ಟವರಲ್ಲ ಅವರು. ಇವತ್ತು ಕಣ್ಣಾರೆ ಕಂಡೂ ಸುಮ್ಮನೆ ಕೂತಿದ್ದರು. ಛೀ ಎನ್ನಿಸಿತು. ಈಗಲೇ ಎದ್ದು ಕೀಗಳನ್ನು ಮೊದಲಿನಂತೆ ಮಾಡಿಬಿಡಬೇಕು ಎಂದುಕೊಂಡರು. ಆದರೆ ಆ ಬೆತ್ತದ ಕುರ್ಚಿ ನೋಡಿ! ಕೂತರೆ ಎಷ್ಟು ಹಿತ! ಸೋಮವಾರ ಇನ್ನೊಬ್ಬ ಬರುವವನಿದ್ದಾನೆ, ಅವನೊಬ್ಬ ಹೋಗಲಿ, ಆಮೇಲೆ ತೆಗೆದರಾಯಿತು. ಹೀಗೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡು ಮಗ್ಗುಲು ಬದಲಾಯಿಸಿದರು. ನಿದ್ದೆಯೇನೂ ಬರಲಿಲ್ಲ.

ಸೋಮವಾರಕ್ಕೆ ಮುಂಚೆ ಶನಿವಾರ ಬಂತು.

ಶನಿವಾರ ಸೊಸೆಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಒಂದು ಮದುವೆಯನ್ನು ಮುಗಿಸಿ, ಅದು ಪೂರ್ತಿ ವಿಡಿಯೋ ಆಗಿ ತಯಾರಾಗಲೆಂದು ತನ್ನ ಕಂಪ್ಯೂಟರಿಗೆ ಹಚ್ಚಿದ್ದಳು. ಅದು ಮುಗಿಯುವವರೆಗೆ ಆ ಕಂಪ್ಯೂಟರ್ ಮುಟ್ಟುವಂತಿಲ್ಲ. ಅಷ್ಟರಲ್ಲಿ ಇನ್ನೊಬ್ಬ ವಧುವಿನ ಫೋನು. ಸಂಜೆಯ ವಿಮಾನಕ್ಕೆ ಹೊರಟಿದ್ದಾಳೆ, ದೂರದೇಶದಲ್ಲಿರುವ ಅತ್ತೆಗೆ ತೋರಿಸಲು ಮದುವೆಯ ವಿಡಿಯೋ ಜೊತೆಗೇ ಬೇಕು.

"ಸರಿ, ಇದರಲ್ಲೇ ಮಾಡ್ತೀನಿ," ಎಂದು ಸೊಸೆ ಹೋಗಿ ಕಿಟಕಿಯ ಬಳಿಯ ಹೊಸ ಕಂಪ್ಯೂಟರಿನ ಮುಂದೆ ಕೂತಳು.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಅದ್ಯಾಕಮ್ಮ? ಅದು ಸರಿ ಇಲ್ಲ ಅಂತ ಗಡ್ಡದವನು ಹೇಳ್ಲಿಲ್ವಾ?"

"ನಂದಲ್ಲದ ಕೀಬೋರ್ಡು, ಮುಟ್ಟಲ್ಲ. ಮೌಸಲ್ಲೇ ತಳ್ತೀನಿ."

ತಳ್ಳಿದಳು. ಬೆಳಗಿನಿಂದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯೊಂದರಲ್ಲೇ ಇಡೀ ಮದುವೆ ಕಟ್ಟಿದಳು. ಮಾವ ಮೂಲೆಯಲ್ಲಿ ಕೂತು ಆ ಎಡಗೈಯನ್ನೇ ನೋಡುತ್ತಿದ್ದರು. ಅದು ಕಿವಿ ತುರಿಸಿಕೊಂಡರೆ ಇವರಿಗೆ ಬೆವರು, ಲೋಟ ಎತ್ತಿಕೊಂಡರೆ ಬೆವರು. ಎದ್ದು ಕೀಗಳನ್ನು ಸರಿಮಾಡೋಣವೆಂದರೆ ಅವಳು ಕದಲುತ್ತಿಲ್ಲ. ಸತ್ಯ ಹೇಳೋಣವೆಂದರೆ ಕುರ್ಚಿ ಹೋಗುತ್ತದೆ, ಅದರ ಜೊತೆ ಮಾನವೂ ಹೋಗುತ್ತದೆ. ಹೇಳದಿದ್ದರೂ ಅವಳು ಕೊನೆಗೆ ಮೌಸಿನಲ್ಲೇ ಉಳಿಸಿದರೆ? ಎಲ್ಲ ಸಲೀಸಾಗಿ ಕಳೆದುಹೋಗಬಹುದಲ್ಲ? ದೇವರೇ, ಮೌಸಿನಲ್ಲೇ ಉಳಿಸಲಪ್ಪ ಎಂದು ಬೇಡಿಕೊಂಡರು.

ಸೊಸೆ ಕೈ ಎರಡನ್ನೂ ಮೇಲೆತ್ತಿ ಮೈ ಮುರಿದಳು. "ಅಬ್ಬಾ, ಮುಗೀತು ಮಾವ! ಉಳಿಸಿ ಊಟಕ್ಕೆ ಏಳೋಣ."

ಎಡಗೈ ಕೆಳಗಿಳಿಯಿತು. ಇಳಿದದ್ದು ಮಡಿಲಿಗಲ್ಲ. ಅಷ್ಟು ವರ್ಷದ ರೂಢಿಯಿಂದ, ಕೇಳದೆ ಹೇಳದೆ, ನೇರವಾಗಿ ಆ ಎರಡು ಕೀಗಳ ಕಡೆಗೆ ಹೊರಟಿತು.

"ನಿಲ್ಸು! ಕೈ ತೆಗಿ!"

ಅದು ಮಾವನ ದನಿಯಾಗಿರಲಿಲ್ಲ, ಕ್ಯಾಬಿನ್ನಿನವರ ದನಿ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಬ್ರೇಕು ಹಾಕಿ ಕಿಟಕಿಯತ್ತ ನೋಡಿದ. ಸೊಸೆಯ ಕೈ ಗಾಳಿಯಲ್ಲೇ ನಿಂತಿತು. ಮಾವ ಯಾವಾಗ ಎದ್ದರೋ, ಕುರ್ಚಿ ಹಿಂದಕ್ಕೆ ಬಿದ್ದಿತ್ತು.

"ಮೌಸಲ್ಲಿ ಉಳಿಸು," ಎಂದರು ಏದುಸಿರು ಬಿಡುತ್ತಾ. "ಮೇಲೆ ಮೆನು ಇದೆಯಲ್ಲ, ಅಲ್ಲಿಂದ. ಆ ಕೀ ಮುಟ್ಟಬೇಡಮ್ಮ, ನಿನ್ನ ದಮ್ಮಯ್ಯ."

ಸೊಸೆ ಮೆನು ತೆರೆದು ಉಳಿಸಿದಳು. ಮೆಷೀನು ನಿಂತು, ಯೋಚಿಸಿ, ಉಳಿಸಿಕೊಂಡಿತು. ಆಮೇಲೆ ಕೀಗಳ ಪಟ್ಟಿ ತೆರೆದಳು, ಮೇಲಿನಿಂದ ಓದುತ್ತಾ ಬಂದಳು. ಸ್ಪೇಸ್ ಬಾರಿಗೆ ಬಂದಾಗ ಹುಬ್ಬು ಏರಿತು. ಅಳಿಸುವ ಕೀಯ ಬಳಿ ತುಟಿ ಬಿಗಿಯಿತು. ಕೊನೆಯದನ್ನು ಎರಡು ಸಲ ಓದಿದಳು.

"ಇದು ನೀವಾ?"

ಮಾವ ನೆಲ ನೋಡಿದರು.

"ಗಡ್ಡದವನು ಹಾಳಾಗಿ ಹೋಗ್ಲಿ. ಆಯಮ್ಮ ಅತ್ಕೊಂಡು ಹೋದ್ರಲ್ಲ ಮಾವ! ಕೈ ಮರ್ತಿದೆ ಅಂತ ಹೋದ್ರು. ಆಗ್ಲೂ ಇಲ್ಲೇ ಕೂತಿದ್ರಲ್ಲಾ ನೀವು?"

"ಕೂತಿದ್ದೆ," ಎಂದರು.

"ಯಾಕೆ ಮಾಡಿದ್ರಿ ಇದನ್ನ?"

"ಒಳಗೆ ಗೋಡೆ ಬಿಟ್ಟು ಏನಿದೆ ಕಣಮ್ಮ? ಇಲ್ಲಿ ನೀನಿರ್ತೀಯ."

ಸೊಸೆ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. "ಹೋಗೋಕೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಕೇಳ್ತಿದ್ಯಾ?"

ಅವಳು ಯೋಚಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲ," ಎಂದಳು.

ಊಟ ಆರುತ್ತಿತ್ತು.

"ನೀವೇ ಹೋಗಿ ಆಯಮ್ಮನಿಗೆ ಹೇಳಿ," ಎಂದಳು ಸೊಸೆ ಕೊನೆಗೆ. "ಫೋನಲ್ಲಿ ಅಲ್ಲ, ಮುಖ ಕೊಟ್ಟು ಹೇಳ್ಬೇಕು. ವಾಪಸ್ ಬನ್ನಿ ಅಂತ ಕರೀಬೇಕು. ಅವರಂಥ ಕೈ ನಂಗೆ ಮತ್ತೆ ಸಿಗಲ್ಲ."

"ಬಂದ್ರೆ... ಕುರ್ಚಿ?"

"ನೀವೇ ನೋಡಿ ಮಾವ, ಇಲ್ಲಿ ಜಾಗ ಎಲ್ಲಿದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾವನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಊಟ ಮುಗಿಸಿದವರೇ ಮಾವ ಕೀಗಳನ್ನೆಲ್ಲ ಮೊದಲಿನಂತೆ ಕಟ್ಟಿದರು, ಸೊಸೆ ಪಕ್ಕದಲ್ಲಿ ನಿಂತು ನೋಡಿದಳು. ಆಮೇಲೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಬೇಕರಿ ದಾಟಿ, ಬಸ್ ನಿಲ್ದಾಣ ದಾಟಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನದೇ ಆಯಮ್ಮನ ಮನೆ ಎಂದು ಸೊಸೆ ಗುರುತು ಹೇಳಿದ್ದಳು. ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ: ತಮ್ಮ ಜಾಗಕ್ಕೆ ಬರುವವರನ್ನು ತಾವೇ ಕರೆಯಲು ಹೊರಟಿದ್ದಾರೆ. ಎರಡು ಸಲ ತಿರುಗಿ ಹೋಗೋಣ ಎನ್ನಿಸಿತು. ಬಾಗಿಲಲ್ಲಿ ಕೈಮುಗಿದು ಹೋದ ಮುಖ ನೆನಪಾಗಿ ಮತ್ತೆ ಹೆಜ್ಜೆ ಹಾಕಿದರು.

ಬಾಗಿಲು ತೆರೆದ ಹೆಂಗಸು ಬೆಪ್ಪಾದಳು. "ಯಜಮಾನ್ರೇ! ನೀವಿಲ್ಲಿ?"

"ನಿನ್ನ ಕೈ ಏನೂ ಮರ್ತಿಲ್ಲಮ್ಮ," ಎಂದರು ಮಾವ, ಒಳಗೂ ಹೋಗದೆ, ಉಸಿರೂ ತೆಗೆದುಕೊಳ್ಳದೆ. "ನೀನು ಸರಿಯಾದ ಕೀನೇ ಒತ್ತಿದ್ದು. ನಾನು ಬದಲಾಯಿಸಿಟ್ಟಿದ್ದೆ."

ಆಕೆಗೆ ಅರ್ಥವಾಗಲಿಲ್ಲ. ಮಾವ ಬಿಡಿಸಿ ಹೇಳಿದರು. ಯಾವ ಕೀಗೆ ಏನು, ಯಾಕೆ ಎಲ್ಲವನ್ನೂ ಹೇಳಿದರು. ಕೇಳುತ್ತಾ ಕೇಳುತ್ತಾ ಅವಳ ಮುಖ ಕೆಂಪಾಯಿತು.

"ನಿಮಗೆ ವಯಸ್ಸಾಗಿದೆ ಅಂತ ಸುಮ್ನಿದೀನಿ! ಈ ಕೈಗಳನ್ನ ಕತ್ತರಿಸಿ ಹಾಕ್ಬೇಕು ಅನ್ನಿಸಿತ್ತು ನಂಗೆ, ಗೊತ್ತಾ? ಇನ್ನು ಕಂಪ್ಯೂಟರ್ ಮುಟ್ಟಲ್ಲ ಅಂತ ಮನೇಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ. ನಾಳೆಯಿಂದ ಬೇಕರೀಲಿ ಬಿಸ್ಕತ್ತು ಪ್ಯಾಕ್ ಮಾಡೋಕೆ ಹೋಗೋಳಿದ್ದೆ!"

"ಬೈಯಮ್ಮ, ಇನ್ನೂ ಬೈ. ಆದ್ರೆ ಬಿಸ್ಕತ್ತಿಗೆ ಹೋಗ್ಬೇಡ. ಆ ಅಜ್ಜಿ ಕುಣಿತ ಕಟ್ಟಿದ್ಯಲ್ಲ, ಅಂಥಾದ್ದು ನಾನು ನೋಡೇ ಇಲ್ಲ. ಅವತ್ತೇ ಭೇಷ್ ಅನ್ಬೇಕಿತ್ತು. ಬಾಯಿ ಬರ್ಲಿಲ್ಲ."

ಹೆಂಗಸು ಬಾಗಿಲು ಹಿಡಿದುಕೊಂಡು ನಿಂತಳು. ಕೋಪ ಪೂರ್ತಿ ಇಳಿದಿರಲಿಲ್ಲ, ಆದರೆ ತುಟಿಯ ಕೊನೆ ಅಲುಗತೊಡಗಿತ್ತು. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಒಮ್ಮೆ ನೋಡಿಕೊಂಡಳು. "ಹಾಗಾದ್ರೆ ಇವಕ್ಕೇನೂ ಆಗಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಒಮ್ಮೆಲೇ ನಕ್ಕುಬಿಟ್ಟಳು. "ಅಲ್ಲ, ಇಷ್ಟೆಲ್ಲ ಎಲ್ಲಿ ಕಲಿತ್ರಿ?"

"ಹಿಂದೆ ಕೂತು ನೋಡಿ ಕಲ್ತೆ."

"ನಾನು ಬರ್ತೀನಿ. ಆದ್ರೆ ಒಂದು ಷರತ್ತು. ನೀವು ನನ್ನ ಬೆನ್ನ ಹಿಂದೆ ಕೂರೋ ಹಾಗಿಲ್ಲ."

"ಗೊತ್ತಮ್ಮ," ಎಂದರು ಮಾವ. "ಕುರ್ಚಿ ಒಳಗಿನ ರೂಮಿಗೆ ಹೋಗತ್ತೆ. ನೀನು ನಿಶ್ಚಿಂತೆಯಾಗಿ ಬಾ."

"ಒಳಗಾ?" ಆಕೆ ಕಣ್ಣರಳಿಸಿದಳು. "ಕಣ್ಣಿಗೆ ಕಾಣದ ಕಡೆ ಕೂತು ಇನ್ನೇನು ಹೂಡ್ತೀರೋ! ಬೇಡಪ್ಪಾ ಬೇಡ. ನನ್ನ ಪಕ್ಕದಲ್ಲೇ ಕೂರ್ಬೇಕು, ಎರಡೂ ಕೈ ನಂಗೆ ಕಾಣೋ ಹಾಗೆ ಇಟ್ಕೊಂಡು. ಮೇಜು ಎಷ್ಟು ಬೇಕಾದ್ರೂ ಸರಿಸ್ಕೊಳ್ಳಲಿ, ಅದು ನಂಗೆ ಗೊತ್ತಿಲ್ಲ. ಹಾಗಿದ್ರೆ ಮಾತ್ರ ಬರ್ತೀನಿ, ಇಲ್ದಿದ್ರೆ ಇಲ್ಲ ಅಂತ ನಿಮ್ಮ ಸೊಸೆಗೆ ಹೇಳಿ."

ಮಾವ ಮೆಟ್ಟಿಲ ಕಂಬಿ ಹಿಡಿದುಕೊಂಡರು. ಮುಖದ ಮೇಲೆ ಹರಡುತ್ತಿದ್ದ ನಗುವನ್ನು ಹೇಗೋ ಹಿಡಿದಿಟ್ಟು, ತುಂಬ ಗಂಭೀರವಾಗಿ ಕೇಳಿದರು:

"ಇನ್ನೊಂದ್ಸಲ ಹೇಳಮ್ಮ. ಸೊಸೆಗೆ ಒಂದು ಮಾತೂ ತಪ್ಪದ ಹಾಗೆ ಹೇಳ್ಬೇಕು."